ಹೊರದೇಶಕ್ಕೆ ಹೋದಾಗ ಅಲ್ಲಿನ ಬಿಯರ್ ರುಚಿ ನೋಡುವುದು ಹೇಗೆ? ಅನುಭವ ಇದ್ದವರು ಹೇಳಿ

ಕಾಳಿ ದಂಡೆ

ಎಲ್ಲರಿಗೂ ನಮಸ್ಕಾರ. ಸದಾಶಿವಗಡದವನು ನಾನು, ವಯಸ್ಸು 58. ಮಗ ಜರ್ಮನಿಯ ಕಲೋನ್‌ನಲ್ಲಿ ಕೆಲಸದಲ್ಲಿದ್ದಾನೆ. ಸೆಪ್ಟೆಂಬರ್‌ನಲ್ಲಿ ನಾನು, ನನ್ನ ಹೆಂಡತಿ ಮೂರು ವಾರಕ್ಕೆ ಅವನಲ್ಲಿಗೆ ಹೋಗುತ್ತಿದ್ದೇವೆ. ನಡುವೆ ಬ್ರಸೆಲ್ಸ್, ಆಮೇಲೆ ಪ್ರಾಗ್. ಇಬ್ಬರಿಗೂ ಇದು ಮೊದಲ ವಿದೇಶ ಪ್ರಯಾಣ.

ನನಗೊಂದು ಆಸೆ ಇದೆ. ಹೋದ ಊರಿನ ಬಿಯರ್ ಅಲ್ಲೇ ಕೂತು ರುಚಿ ನೋಡಬೇಕು. ನಾನು ಕುಡಿಯುವುದು ಕಡಿಮೆ. ತಿಂಗಳಿಗೆ ಒಂದೋ ಎರಡೋ ಸಲ, ಹುರಿದ ಬಂಗಡೆ ಜೊತೆ ಒಂದು ಬಿಯರ್. ಹಾಗಾದರೆ ಈ ಆಸೆ ಎಲ್ಲಿಂದ ಬಂತು ಅಂದರೆ, ಗೇರುಹಣ್ಣಿನ ಮದ್ಯ ಉರಾಕ್‌ನಿಂದ. ಗೋವಾ ಗಡಿಯ ಮಾಜಾಳಿ ಗೇಟ್ ದಾಟಿ ಕಾಣಕೋಣದ ಕಡೆ ಒಬ್ಬ ಸ್ನೇಹಿತನ ತೋಟ ಇದೆ. ಗೇರುಹಣ್ಣಿನ ಕಾಲದಲ್ಲಿ ಅಲ್ಲಿ ಹೋದರೆ ಆಗ ತಾನೇ ಇಳಿಸಿದ ಉರಾಕ್ ಕೊಡುತ್ತಾರೆ. ನಿಂಬೆ, ಉಪ್ಪು, ಸೀಳಿದ ಹಸಿಮೆಣಸು. ಅದೇ ಉರಾಕ್ ಒಮ್ಮೆ ಬಾಟಲಿಯಲ್ಲಿ ಮನೆಗೆ ತಂದು ಮಳೆಗಾಲದಲ್ಲಿ ಕುಡಿದೆ. ಅದು ಬೇರೆಯೇ ವಸ್ತು ಆಗಿತ್ತು. ಕೆಲವು ರುಚಿ ಆ ಊರಲ್ಲಿ, ಆ ಹೊತ್ತಲ್ಲಿ ಮಾತ್ರ ಸಿಗುತ್ತದೆ ಅಂತ ಅವತ್ತು ಅನ್ನಿಸಿತು. ಬಿಯರ್ ಕೂಡ ಹಾಗೇನಾ?

ಸಣ್ಣ ಗ್ಲಾಸಿನಲ್ಲಿ ಕೊಡುತ್ತಾರಾ, ಏನಂತ ಕೇಳಬೇಕು, ಜೊತೆಗೆ ಏನು ತಿನ್ನಬೇಕು? ಹೆಂಡತಿ ಮೀನು ತಿನ್ನುತ್ತಾಳೆ, ಮಾಂಸ ಮುಟ್ಟುವುದಿಲ್ಲ, ಕುಡಿಯುವುದೂ ಇಲ್ಲ. ಅವಳು ಎದುರಿಗೆ ಸುಮ್ನೆ ಕೂತಿರುವ ಹಾಗೆ ಆಗಬಾರದು. ಇನ್ನೊಂದು, ಮ್ಯೂನಿಕ್‌ನ ಬಿಯರ್ ಜಾತ್ರೆ ಅಕ್ಟೋಬರ್‌ಫೆಸ್ಟ್ ಸೆಪ್ಟೆಂಬರ್‌ನಲ್ಲೇ ಶುರುವಾಗುತ್ತದಂತೆ. ಮಗ ಹೋಗೋಣ ಅನ್ನುತ್ತಿದ್ದಾನೆ. ಹೋಗಬೇಕಾ?

ಎಂಜಿನ್ ರೂಮ್

ಅಣ್ಣಾ, ನಾನು ಅಂಕೋಲೆಯವನು. ಹಡಗಿನಲ್ಲಿ 22 ವರ್ಷ ಕಳೆದಿದ್ದೇನೆ. ಉರಾಕ್ ಮಾತು ಹೇಳಿದಿರಲ್ಲ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ.

ಬಿಯರ್‌ಗೆ ಮೂರು ವೈರಿಗಳು. ಬಿಸಿ, ಬೆಳಕು, ದಿನ. ಹಸಿರು ಬಾಟಲಿ ಬಿಸಿಲಲ್ಲಿ ಸ್ವಲ್ಪ ಹೊತ್ತು ಇದ್ದರೂ ಸಾಕು, ಒಳಗಿನ ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂವು) ಕೆಟ್ಟು ಒಂದು ಥರ ನಾತ ಬರುತ್ತದೆ. ಅದಕ್ಕೇ ಕಂದು ಬಾಟಲಿ ವಾಸಿ. ಬೈತಖೋಲದಲ್ಲಿ ಬೆಳಿಗ್ಗೆ ದೋಣಿಯಿಂದ ಇಳಿದ ಬಂಗಡೆ, ಐಸ್ ಪೆಟ್ಟಿಗೆಯಲ್ಲಿ ನಾಲ್ಕು ದಿನ ಇದ್ದು ಘಟ್ಟ ಹತ್ತಿದ ಬಂಗಡೆ. ಹೆಸರು ಒಂದೇ, ಮೀನು ಒಂದೇನಾ? ಊರಲ್ಲಿ ಮಾಡಿ ಊರಲ್ಲೇ ಪೀಪಾಯಿಯಿಂದ ಬಗ್ಗಿಸಿದ ಬಿಯರ್ ಮತ್ತು ಹಡಗಿನ ಕಂಟೇನರ್‌ನಲ್ಲಿ ಸಮುದ್ರ ದಾಟಿ ಬಂದ ಅದೇ ಬಿಯರ್‌ಗೂ ಅಷ್ಟೇ ಅಂತರ. ಆ ಕಂಟೇನರ್ ಡೆಕ್ ಮೇಲೆ ಎಷ್ಟು ಕಾಯುತ್ತದೆ ಅಂತ ನಾನು ಕೈ ಇಟ್ಟು ನೋಡಿದ್ದೇನೆ.

ಇದು ನನಗೆ ಸರಿಯಾಗಿ ಅರ್ಥವಾದದ್ದು ವಿಯೆಟ್ನಾಂನಲ್ಲಿ. ನಮ್ಮ ಹಡಗು ಹೈಫಾಂಗ್ ಬಂದರಿನಲ್ಲಿತ್ತು. ಎರಡು ದಿನ ರಜೆ ಸಿಕ್ಕಿತು, ಹನೋಯಿಗೆ ಹೋದೆ. ಅಲ್ಲಿ ‘ಬಿಯಾ ಹೋಯಿ’ ಅಂತ ಇದೆ. ಆ ದಿನದ ತಾಜಾ ಬಿಯರ್ ಅದು. ಬೆಳಿಗ್ಗೆ ಪೀಪಾಯಿ ಬರುತ್ತದೆ, ಆ ದಿನವೇ ಖಾಲಿ ಆಗಬೇಕು. ಮರುದಿನಕ್ಕೆ ಇಡುವ ವಸ್ತು ಅಲ್ಲ ಅದು. ಮದ್ಯದ ಅಂಶ ಶೇಕಡಾ 3ರ ಆಸುಪಾಸು, ತೀರಾ ಹಗುರ. ಫುಟ್‌ಪಾತ್ ಮೇಲೆ ನಮ್ಮ ಬಚ್ಚಲಮನೆ ಸ್ಟೂಲಿನಷ್ಟು ಎತ್ತರದ ಪ್ಲಾಸ್ಟಿಕ್ ಸ್ಟೂಲು. ಗ್ಲಾಸು ದಪ್ಪ, ಗೋಲಿ ಸೋಡಾ ಬಾಟಲಿಯ ತಿಳಿ ಹಸಿರು ಬಣ್ಣ, ಗಾಜಿನ ಒಳಗೇ ಗಾಳಿಗುಳ್ಳೆ. ಹಳೆ ಗಾಜು ಕರಗಿಸಿ ಕೈಯಲ್ಲಿ ಊದಿ ಮಾಡಿದ್ದು. ಪಕ್ಕದಲ್ಲಿ ಕೂತಿದ್ದ ಅಜ್ಜ ತನ್ನ ತಟ್ಟೆಯಿಂದ ಒಂದು ಹಿಡಿ ಬೇಯಿಸಿದ ಶೇಂಗಾ ನನ್ನ ಕೈಗೆ ಹಾಕಿದರು. ಭಾಷೆ ಬರಲಿಲ್ಲ, ಮಾತಿನ ಅಗತ್ಯವೂ ಬೀಳಲಿಲ್ಲ. ಸುತ್ತ ಎಲ್ಲ ಕೆಲಸ ಮುಗಿಸಿ ಮನೆಗೆ ಹೋಗುವ ಜನ. ಒಂದೋ ಎರಡೋ ಗ್ಲಾಸು, ಎದ್ದು ಹೋಗುತ್ತಾರೆ.

ಆ್ಯಂಟ್‌ವರ್ಪ್ ಬಂದರಿಗೆ ಹೋದರೆ ಗುಂಡನೆ ಬಟ್ಟಲಿನಂಥ ಗ್ಲಾಸಿನಲ್ಲಿ ಕೆಂಪು ಬಣ್ಣದ ಊರ ಬಿಯರ್ ಕೊಡುತ್ತಾರೆ. ‘ಬೊಲ್ಲೆಕೆ’ ಅಂದರೆ ಸಾಕು, ಬೇರೆ ಹೆಸರು ಬೇಡ.

ಅಕ್ಟೋಬರ್‌ಫೆಸ್ಟ್ ಬಗ್ಗೆ ನನ್ನ ಮಾತು ಕೇಳಿ. ನೋಡಬೇಕು ಅಂತಿದ್ದರೆ ಹೋಗಿ, ರುಚಿಗೆ ಅಂತ ಹೋಗಬೇಡಿ. 1810ರಲ್ಲಿ ಯುವರಾಜ ಲುಡ್ವಿಗ್‌ನ ಮದುವೆಯಿಂದ ಶುರುವಾದ ಜಾತ್ರೆ ಅದು. ಗ್ಲಾಸು ಅಂದರೆ ಒಂದು ಲೀಟರ್. ಮ್ಯೂನಿಕ್ ನಗರದ ಆರು ಬ್ರೂವರಿಗಳದ್ದು ಬಿಟ್ಟು ಬೇರೆ ಸಿಗುವುದಿಲ್ಲ. ಜಾತ್ರೆ ಪೇಟೆಯ ಗದ್ದಲದಲ್ಲಿ ನಿಂತು ನಿಧಾನಕ್ಕೆ ರುಚಿ ನೋಡಲು ಆಗುತ್ತಾ?

ಅಪ್ಪೆಮಿಡಿ

ಬ್ರಸೆಲ್ಸ್ ಅಂತ ನೋಡಿ ಬರೆಯದೆ ಇರಲು ಆಗಲಿಲ್ಲ. ನಾನು ಅಲ್ಲಿ ನಾಲ್ಕು ವರ್ಷ ಇದ್ದೆ. ಊರು ಶಿರಸಿ ಹತ್ತಿರ, ಅಡಿಕೆ ತೋಟದ ಮನೆ. ನಮ್ಮ ಮನೆಯಲ್ಲಿ ಈ ಮಾತೇ ಎತ್ತುವುದಿಲ್ಲ. ಹಾಗಾಗಿ ಮೊದಲ ಗುಟುಕು ಕುಡಿದದ್ದೇ 26ನೇ ವಯಸ್ಸಿನಲ್ಲಿ. ಅದೂ ಸಾಮಾನ್ಯ ಬಿಯರ್ ಅಲ್ಲ, ‘ಗೂಝ್’.

ಅಣ್ಣಾ, ಅದು ಹುಳಿ ಬಿಯರ್. ಬಾಯಿಗೆ ಹಾಕಿದ ಕೂಡಲೇ ನನಗೆ ಅಪ್ಪೆಹುಳಿ ನೆನಪಾಯಿತು. ಸಿಹಿ ಇಲ್ಲ. ಹಲ್ಲು ಜುಮ್ಮೆನ್ನುವ ಹುಳಿ, ಹಿಂದೆ ಒಂದು ಹಳೆ ಮರದ ವಾಸನೆ. ಆ ರಾತ್ರಿ ಫೋನಿನಲ್ಲಿ ಆಯಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ, "ಅದಕ್ಕೆ ಹುಳಿ ಎಂತರದ್ದು ಹಾಕ್ತ?"

ಏನೂ ಹಾಕುವುದಿಲ್ಲ, ಅದೇ ಅದರ ಸೊಗಸು. ಮೊಳಕೆ ಬರಿಸಿದ ಜವೆಗೋಧಿ, ಜೊತೆಗೆ ಮೂರನೇ ಒಂದು ಭಾಗದಷ್ಟು ಹಸಿ ಗೋಧಿ. ಹಾಪ್ಸ್ ಕೂಡ ಹೊಸದಲ್ಲ, ಎರಡು ಮೂರು ವರ್ಷ ಹಳೆಯದು. ಕಹಿ ಬೇಡ, ಕೆಡದಂತೆ ಕಾಯುವ ಗುಣ ಮಾತ್ರ ಬೇಕು ಅಂತ. ಕುದಿಸಿದ ರಸವನ್ನು ಮಾಡಿನ ಕೆಳಗೆ ಒಂದು ದೊಡ್ಡ ಅಗಲ ತಾಮ್ರದ ತಪ್ಪಲೆಗೆ ಸುರಿದು ರಾತ್ರಿ ಇಡೀ ತೆರೆದಿಡುತ್ತಾರೆ. ಈಸ್ಟ್ ಹಾಕುವುದಿಲ್ಲ. ಗಾಳಿಯಲ್ಲಿ, ಮರದ ತೊಲೆಗಳಲ್ಲಿ ಇರುವ ಸೂಕ್ಷ್ಮಜೀವಿಗಳೇ ಬಂದು ಕೂರುತ್ತವೆ. ದೋಸೆ ಹಿಟ್ಟು ರುಬ್ಬಿಟ್ಟರೆ ತಾನೇ ಉಬ್ಬಿ ಬರುತ್ತದಲ್ಲ, ಹಾಗೆ. ಆಮೇಲೆ ಪೀಪಾಯಿಯಲ್ಲಿ ಒಂದು, ಎರಡು, ಮೂರು ವರ್ಷ. ಎಳೆಯದನ್ನೂ ಹಳೆಯದನ್ನೂ ಬೆರೆಸಿ ಬಾಟಲಿಗೆ ತುಂಬಿದರೆ ಗೂಝ್. ಹುಳಿ ಚೆರಿಹಣ್ಣು ಹಾಕಿ ನೆನೆಸಿದ್ದು ‘ಕ್ರೀಕ್’.

ಬ್ರಸೆಲ್ಸ್‌ನ ಆಂಡರ್‌ಲೆಖ್ಟ್ ಭಾಗದಲ್ಲಿ ಕ್ಯಾಂಟಿಯೋನ್ ಅಂತ ಬ್ರೂವರಿ ಇದೆ, 1900ರಲ್ಲಿ ಶುರುವಾದದ್ದು. ಒಳಗೆ ಹೋಗಿ ನೋಡಬಹುದು, ಕೊನೆಗೆ ಸಣ್ಣ ಗ್ಲಾಸಿನಲ್ಲಿ ರುಚಿ ಕೊಡುತ್ತಾರೆ. ನಿಮಗೆ ಹೇಳಿ ಮಾಡಿಸಿದ ಜಾಗ. ಅಲ್ಲಿ ಜೇಡರ ಬಲೆ ಗುಡಿಸುವುದಿಲ್ಲ, ಗಮನಿಸಿ. ಹಣ್ಣಿನ ವಾಸನೆಗೆ ಬರುವ ನೊಣಗಳನ್ನು ಜೇಡ ಹಿಡಿಯುತ್ತದೆ, ಅದಕ್ಕೆ. ಕಣಜದ ಮನೆಯಲ್ಲಿ ಬೆಕ್ಕು ಇಟ್ಟುಕೊಂಡ ಹಾಗೆ. ಆದರೆ ಸೆಪ್ಟೆಂಬರ್‌ನಲ್ಲಿ ತಾಮ್ರದ ತಪ್ಪಲೆ ಖಾಲಿ ಇರುತ್ತದೆ. ಚಳಿಗಾಲದ ರಾತ್ರಿ ಬೇಕು ಅದಕ್ಕೆ.

ಸುಮ್ಮನೆ ಓದುವವಳು

ಇಷ್ಟು ದಿನ ಈ ವೇದಿಕೆಯಲ್ಲಿ ಓದಿದ್ದೇ ಹೆಚ್ಚು, ಬರೆದಿಲ್ಲ. ಇವತ್ತು ಬರೆಯುತ್ತೇನೆ. ಯಾರೂ ಬೇಸರ ಮಾಡಿಕೊಳ್ಳಬೇಡಿ.

ನನ್ನ ತಮ್ಮ ಕುಡಿತದಿಂದ ಹೋದ. ಹೊನ್ನಾವರದಲ್ಲಿ ಅವನಿಗೊಂದು ಚೆನ್ನಾಗಿ ನಡೆಯುವ ಅಂಗಡಿ ಇತ್ತು. ಶುರುವಾದದ್ದು ಬಿಯರ್‌ನಿಂದಲೇ, "ಬಿಯರ್ ತಾನೇ ಅಕ್ಕಾ" ಅನ್ನುತ್ತಿದ್ದ. ಎಂಟು ವರ್ಷ. ಅವನ ಮಗಳು ಈಗ ನಮ್ಮ ಮನೆಯಲ್ಲೇ ಬೆಳೆಯುತ್ತಿದ್ದಾಳೆ. ನೀವೆಲ್ಲ ಇಷ್ಟು ಚೆಂದ ಮಾಡಿ ಬರೆದರೆ ಓದುವ ಹುಡುಗರಿಗೆ ಏನನ್ನಿಸಬೇಕು? ಊರು ನೋಡಲು ಹೋದವರು ಅಲ್ಲಿನ ಊಟ ಮಾಡಿ, ಗುಡಿ ಗೋಪುರ ನೋಡಿ, ಬಂದರೆ ಆಗುವುದಿಲ್ಲವಾ?

ಕಾಳಿ ದಂಡೆ

ಅಕ್ಕಾ, ನಿಮ್ಮ ಮಾತು ಓದಿ ಎರಡು ದಿನ ಉತ್ತರ ಬರೆಯಲು ಆಗಲಿಲ್ಲ. ನಮ್ಮ ಓಣಿಯಲ್ಲೂ ಅಂಥ ಎರಡು ಮನೆ ಇದೆ. ಆ ಮಕ್ಕಳನ್ನು ನಾನು ದಿನಾ ನೋಡುತ್ತೇನೆ. ನಿಮ್ಮ ತಮ್ಮನ ಮಗಳು ಚೆನ್ನಾಗಿರಲಿ.

ನಾನು ಕೇಳುತ್ತಿರುವುದು ಬೇರೆ ಅಂತ ನಿಮ್ಮ ಮುಂದೆ ವಾದ ಮಾಡುವುದಿಲ್ಲ. ಯಾರಿಗೆ ಒಂದರಲ್ಲಿ ನಿಲ್ಲಿಸಲು ಆಗುವುದಿಲ್ಲವೋ ಅವರಿಗೆ ಒಂದೂ ಬೇಡ. ಅದರಲ್ಲಿ ನನಗೆ ಎರಡು ಮಾತಿಲ್ಲ. ನನ್ನ ಪ್ರಶ್ನೆಯ ಮೊದಲಿಗೆ ಇದನ್ನು ಬರೆಯಬೇಕಿತ್ತು. ಈಗ ಬರೆಯುತ್ತಿದ್ದೇನೆ, ಓದುವ ಹುಡುಗರೂ ಓದಲಿ. ನಾನು ಹೋಗುವುದು 21 ದಿನ. ಅದರಲ್ಲಿ ಆರೇ ಸಂಜೆ ಈ ರುಚಿಗೆ ಅಂತ ಇಟ್ಟಿದ್ದೇನೆ. ಇನ್ನೊಂದು ವಿಷಯ, ನಾನು ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಅದರ ಬಗ್ಗೆ ಗೊತ್ತಿದ್ದವರು ಹೇಳಿ.

ಔಷಧಿ ಅಂಗಡಿ

ಮೊದಲು ನಿಮ್ಮ ಡಾಕ್ಟರನ್ನು ಕೇಳಿ, ಮಾತ್ರೆಯ ಚೀಟಿ ಹಿಡಿದುಕೊಂಡೇ ಹೋಗಿ. ಕೆಲವು ಸಕ್ಕರೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಕುಡಿದರೆ ಸಕ್ಕರೆ ದಿಢೀರನೆ ಇಳಿಯಬಹುದು. ಕುಡಿದ ಎಷ್ಟೋ ಹೊತ್ತಿನ ಮೇಲೆ, ಮಲಗಿದಾಗಲೂ ಇಳಿಯಬಹುದು. ಬೆವರು, ನಡುಕ, ತೊದಲು ಮಾತು. ನೋಡಿದವರು ಅಮಲು ಅಂದುಕೊಂಡು ಸುಮ್ಮನಿರುತ್ತಾರೆ. ಅದೇ ಅಪಾಯ. ಮಗನಿಗೂ ಹೆಂಡತಿಗೂ ಇದನ್ನು ಹೇಳಿಡಿ. ಊಟದ ಜೊತೆ ಮಾತ್ರ ಕುಡಿಯಿರಿ. ವಿಮಾನದಲ್ಲಿ ನಿದ್ದೆ ಮಾತ್ರೆ, ನೆಗಡಿ ಮಾತ್ರೆ ನುಂಗಿದ್ದರೆ ಅವತ್ತು ಬಿಯರ್ ಬೇಡವೇ ಬೇಡ.

ಇನ್ನು ಲೆಕ್ಕ. ಬಾಟಲಿಯ ಗಾತ್ರ ನೋಡಿ ಮೋಸ ಹೋಗಬೇಡಿ. ಶೇಕಡಾ 5ರ ಅರ್ಧ ಲೀಟರ್‌ನಲ್ಲಿ 25 ಮಿಲಿ ಮದ್ಯ ಇರುತ್ತದೆ. ಬೆಲ್ಜಿಯಂನಲ್ಲಿ ಶೇಕಡಾ 9ರ ಬಿಯರ್‌ಗಳೂ ಇವೆ. ಅದರ 330 ಮಿಲಿಯ ಸಣ್ಣ ಬಾಟಲಿಯಲ್ಲಿ ಸುಮಾರು 30 ಮಿಲಿ ಆಯಿತು. ಸಣ್ಣ ಬಾಟಲಿಯಲ್ಲೇ ಜಾಸ್ತಿ. ಲೇಬಲ್ ಮೇಲಿನ ಅಂಕಿ ಓದಿಯೇ ಮುಚ್ಚಳ ತೆಗೆಯಿರಿ.

ಅಘನಾಶಿನಿ

ಪ್ರಾಗ್ ಬಗ್ಗೆ ನಾನು ಹೇಳುತ್ತೇನೆ. ಕುಮಟೆಯವನು, ಅಲ್ಲಿ ಮೂರು ವರ್ಷ ಇದ್ದೆ.

ಮೊದಲು ಒಂದು ಎಚ್ಚರಿಕೆ. ಹಳೆ ಪೇಟೆಯ ಚೌಕದಲ್ಲಿ ಪ್ರವಾಸಿಗರಿಗೇ ಅಂತ ಇರುವ ಹೋಟೆಲ್ ಒಂದರಲ್ಲಿ ನಾನು ಅಪ್ಪ ಅಮ್ಮನನ್ನು ಕೂರಿಸಿದೆ. ಕೇಳದೆಯೇ ಬ್ರೆಡ್ ಬುಟ್ಟಿ ತಂದಿಟ್ಟರು. ಅಮ್ಮ ಎರಡು ತುಂಡು ತಿಂದಳು. ಬಿಲ್ಲಿನಲ್ಲಿ ಅದಕ್ಕೆ ಬಿಯರ್‌ಗಿಂತ ಹೆಚ್ಚು ದುಡ್ಡು ಹಾಕಿದ್ದರು. ಅಮ್ಮನಿಗೆ ಇವತ್ತಿಗೂ ಆ ಬೇಜಾರು ಹೋಗಿಲ್ಲ. ಮೇಜಿನ ಮೇಲೆ ಬಂದದ್ದೆಲ್ಲ ಪುಕ್ಕಟೆ ಅಂತ ತಿಳಿಯಬೇಡಿ, ಬೇಡ ಅಂದರೆ ತೆಗೆದುಕೊಂಡು ಹೋಗುತ್ತಾರೆ. ಚೌಕದಿಂದ ಹತ್ತು ನಿಮಿಷ ಆಚೆ ನಡೆದರೆ ಊರವರು ಕೂರುವ ಜಾಗ ಸಿಗುತ್ತದೆ. ಚೀಟಿಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ಲೆಕ್ಕ ಇಡುತ್ತಾರೆ.

ಫಲಕದ ಮೇಲೆ 10, 12 ಅಂತ ಬರೆದಿರುತ್ತಾರೆ. ಅದು ಮದ್ಯದ ಅಂಶ ಅಲ್ಲ, ಹೆದರಬೇಡಿ. ಹುದುಗುವ ಮೊದಲು ರಸದಲ್ಲಿ ಎಷ್ಟು ಸಿಹಿ ಇತ್ತು ಅನ್ನುವ ಅಳತೆ. 10 ಅಂದರೆ ಸುಮಾರು ಶೇಕಡಾ 4, 12 ಅಂದರೆ ಸುಮಾರು 5. ‘ಮಾಲೆ ಪಿವೊ’ ಅಂತ ಕೇಳಿ, 300 ಮಿಲಿ ಗ್ಲಾಸು ಬರುತ್ತದೆ.

ನೊರೆ ವಿಷಯ ಹೇಳಲೇಬೇಕು. ನಮ್ಮಲ್ಲಿ ನೊರೆ ಬಂದರೆ ಮೋಸ ಅಂತ ಜಗಳ ಮಾಡುತ್ತೇವೆ. ಅಲ್ಲಿ ನೊರೆ ಅಂದರೆ ಬಿಯರ್‌ನ ಕೆನೆ. ನಲ್ಲಿ ತಿರುಗಿಸುವವರಿಗೆ ಅದೊಂದು ಕಸುಬು. ಗ್ಲಾಸನ್ನು ತಣ್ಣೀರಲ್ಲಿ ತೊಳೆದು, ಒದ್ದೆ ಇರುವಾಗಲೇ ಓರೆ ಹಿಡಿದು, ಮೊದಲು ದಪ್ಪ ನೊರೆ, ಅದರ ಅಡಿಗೆ ಬಿಯರ್ ಬಿಡುತ್ತಾರೆ. ಮೂರು ಬೆರಳು ನೊರೆ ಇದ್ದರೆ ‘ಹ್ಲಾದಿಂಕಾ’. ಗ್ಲಾಸು ತುಂಬ ನೊರೆಯೇ ಇದ್ದರೆ ‘ಮ್ಲೀಕೊ’, ಅಂದರೆ ಹಾಲು. ಸಿಹಿಯಾಗಿ, ಒದ್ದೆ ಕೆನೆಯ ಹಾಗೆ ಇರುತ್ತದೆ. ಕರಗುವ ಮೊದಲೇ ಕುಡಿದು ಮುಗಿಸಬೇಕು.

ಒಂದು ದಿನ ಪಿಲ್ಸೆನ್‌ಗೆ ಹೋಗಿ ಬನ್ನಿ, ಪ್ರಾಗ್‌ನಿಂದ ಸುಮಾರು 90 ಕಿಲೋಮೀಟರ್. ರೈಲಿದೆ. 1838ರಲ್ಲಿ ಆ ಊರಿನವರು ಕೆಟ್ಟ ಬಿಯರ್ ಪೀಪಾಯಿಗಳನ್ನು ಪುರಭವನದ ಎದುರು ತಂದು ಚರಂಡಿಗೆ ಸುರಿದಿದ್ದರು. ಅಷ್ಟು ಸಿಟ್ಟು. ಆಮೇಲೆ ಊರವರೇ ಸೇರಿ ಹೊಸ ಬ್ರೂವರಿ ಕಟ್ಟಿದರು, ಬವೇರಿಯಾದಿಂದ ಯೋಸೆಫ್ ಗ್ರೋಲ್ ಅನ್ನುವವನನ್ನು ಕರೆಸಿದರು. 1842ರ ಅಕ್ಟೋಬರ್‌ನಲ್ಲಿ ಅವನು ಮಾಡಿದ್ದೇ ತಿಳಿ ಹೊಂಬಣ್ಣದ ಮೊದಲ ಪಿಲ್ಸ್ನರ್. ಅಲ್ಲಿನ ನೀರು ತುಂಬ ಮೆದು, ಜಾಟೆಟ್ಸ್ ಊರಿನ ಹಾಪ್ಸ್. ನಾವು ಇವತ್ತು ಕಾರವಾರದ ಅಂಗಡಿಯಲ್ಲಿ ನೋಡುವ ಹೊಂಬಣ್ಣದ ಬಿಯರ್‌ಗೆಲ್ಲ ಅದೇ ಮೂಲ. ನೆಲಮಾಳಿಗೆಯಲ್ಲಿ ಮರದ ಪೀಪಾಯಿಯಿಂದ ನೇರ ಸೋಸದ ಬಿಯರ್ ಕೊಡುತ್ತಾರೆ. ಸ್ವೆಟರ್ ಹಾಕಿಕೊಂಡು ಹೋಗಿ, ಕೆಳಗೆ ಚಳಿ ಇದೆ.

ಅತ್ತಿಗೆಗೆ ‘ಸ್ಮಾಝೆನಿ ಸಿರ್’ ಹೇಳಿ. ಚೀಸನ್ನು ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದದ್ದು, ಮಾಂಸ ಇಲ್ಲ. ಗಾಡಿ ಓಡಿಸುವ ಯೋಚನೆ ಬಿಡಿ. ಚೆಕ್ ದೇಶದಲ್ಲಿ ಡ್ರೈವರ್ ರಕ್ತದಲ್ಲಿ ಮದ್ಯ ಸೊನ್ನೆ ಇರಬೇಕು.

ಯಲ್ಲಾಪುರ ಘಟ್ಟ

ಯುರೋಪೇ ಆಗಬೇಕು ಅಂತಿಲ್ಲ. ನೇಪಾಳ ಇದೆ, ನಮಗೆ ವೀಸಾ ಬೇಡ. ಅಲ್ಲಿ ‘ತೊಂಗ್ಬಾ’ ಅಂತ ಇದೆ. ನಮ್ಮ ರಾಗಿಯದ್ದು! ಪೂರ್ವ ನೇಪಾಳದ ಲಿಂಬು ಜನರದ್ದು. ಬೇಯಿಸಿದ ರಾಗಿಗೆ ಹುದುಗು ಬೆರೆಸಿ ವಾರಗಟ್ಟಲೆ ಮುಚ್ಚಿಡುತ್ತಾರೆ. ಆಮೇಲೆ ಆ ಕಾಳನ್ನು ಹಾಗೇ ಮರದ ಪಾತ್ರೆಗೆ ತುಂಬಿ ಮೇಲಿಂದ ಕುದಿಯುವ ನೀರು ಹೊಯ್ದು ಐದು ನಿಮಿಷ ಬಿಡುತ್ತಾರೆ. ತುದಿಯಲ್ಲಿ ಸಣ್ಣ ತೂತುಗಳಿರುವ ಬಿದಿರಿನ ಕೊಳವೆಯಿಂದ ಹೀರಬೇಕು. ಕಾಳು ಮೇಲೆ ಬರುವುದಿಲ್ಲ, ರಸ ಮಾತ್ರ ಬರುತ್ತದೆ. ಮುಗಿದರೆ ಮತ್ತೆ ಬಿಸಿನೀರು. ಮೂರು ನಾಲ್ಕು ಸಲ ಹೀಗೆ ನಡೆಯುತ್ತದೆ.

ಹಾಲಿನಂತೆ ಮಬ್ಬು, ಬೆಚ್ಚಗೆ, ಸ್ವಲ್ಪ ಹುಳಿ. ಹಿಮಗಾಳಿಯಲ್ಲಿ ನಡೆದು ಬಂದು ಎರಡು ಕೈಯಲ್ಲಿ ಆ ಪಾತ್ರೆ ಹಿಡಿದರೆ ಬೆರಳಿಗೆ ಜೀವ ಬರುತ್ತದೆ. ಬೆಚ್ಚಗೆ ಇರುವುದರಿಂದ ಎಷ್ಟು ಏರಿದೆ ಅಂತ ಕೂತಾಗ ಗೊತ್ತಾಗುವುದಿಲ್ಲ, ಎದ್ದಾಗ ಗೊತ್ತಾಗುತ್ತದೆ. ಬೆಟ್ಟದ ದಾರಿಯಲ್ಲಿ ಹುಷಾರು.

ಮಾಜಾಳಿ ಗೇಟ್

ಬರುವಾಗ ಬಾಟಲಿ ತರಬಹುದಾ? ತಂದವರಿದ್ದೀರಾ?

ಎಂಜಿನ್ ರೂಮ್

ಎಲ್ಲ ಸೇರಿ ತಲೆಗೆ 2 ಲೀಟರ್ ಮದ್ಯ ಸುಂಕ ಇಲ್ಲದೆ ತರಬಹುದು. ಬಿಯರ್‌ಗೆ ಅಂತ ಬೇರೆ ಲೆಕ್ಕ ಇಲ್ಲ. ಬೆಳಕು, ಬಿಸಿಯ ಮಾತು ಮೇಲೆ ಹೇಳಿದ್ದೇನಲ್ಲ, ತಿಳಿ ಬಿಯರ್ ತಂದು ಪ್ರಯೋಜನ ಇಲ್ಲ. ತರುವುದಾದರೆ ಅಪ್ಪೆಮಿಡಿ ಅಕ್ಕ ಹೇಳಿದ ಗೂಝ್ ತನ್ನಿ. ಬಾಟಲಿಯಲ್ಲೇ ವರ್ಷಗಟ್ಟಲೆ ಹದವಾಗಿ ಇರುವಂಥದ್ದು ಅದು. ದಪ್ಪ ಬಾಟಲಿ, ಕಾಲುಚೀಲದೊಳಗೆ ತೂರಿಸಿ ಬಟ್ಟೆಯ ನಡುವೆ ಇಡಿ, ಬ್ಯಾಗು ಚೆಕ್-ಇನ್ ಮಾಡಿ. ಕುವೈತ್, ಸೌದಿಯಲ್ಲಿ ಇಳಿದು ಬರುವವರು ಮಾತ್ರ ಒಂದು ಹನಿಯೂ ಒಯ್ಯಬೇಡಿ. ಅಲ್ಲಿನ ಕಾನೂನು ಕಟ್ಟುನಿಟ್ಟು.

ಕಾಳಿ ದಂಡೆ

ಊರಿಗೆ ಬಂದು ಹತ್ತು ದಿನ ಆಯಿತು. ನೀವೆಲ್ಲ ಅಷ್ಟು ಮನಸ್ಸಿಟ್ಟು ಹೇಳಿದ್ದೀರಿ, ವರದಿ ಕೊಡದಿದ್ದರೆ ಸರಿಯಲ್ಲ.

ಕಲೋನ್‌ನಲ್ಲಿ ಎರಡನೇ ಸಂಜೆ ಮಗ ದೊಡ್ಡ ಚರ್ಚಿನ ಹತ್ತಿರದ ಒಂದು ಹಳೆ ಬ್ರೂವರಿ ಹೋಟೆಲಿಗೆ ಕರೆದುಕೊಂಡು ಹೋದ. ಉಜ್ಜಿ ಉಜ್ಜಿ ಬೆಳ್ಳಗಾದ ಮರದ ಮೇಜುಗಳು. ಅಲ್ಲಿನ ಬಿಯರ್ ‘ಕೋಲ್ಶ್’. ಕಲೋನ್ ಮತ್ತು ಅದರ ಸುತ್ತಮುತ್ತ ಮಾಡಿದ್ದಕ್ಕೆ ಮಾತ್ರ ಆ ಹೆಸರು. 1986ರಲ್ಲಿ ಬ್ರೂವರಿಗಳೆಲ್ಲ ಕೂತು ಒಪ್ಪಂದ ಬರೆದುಕೊಂಡಿದ್ದಾರೆ, 1997ರಿಂದ ಯುರೋಪಿನ ಕಾನೂನಿನ ರಕ್ಷಣೆಯೂ ಇದೆ. ನಮ್ಮ ಅಂಕೋಲೆಯ ಕರಿ ಈಶಾಡಿ ಮಾವಿಗೆ ಜಿಐ ಗುರುತು ಇದ್ದ ಹಾಗೆ. ನನ್ನ ಸಣ್ಣ ಗ್ಲಾಸಿನ ಚಿಂತೆ ಅಲ್ಲೇ ಮುಗಿಯಿತು. ಅಲ್ಲಿ ಗ್ಲಾಸೇ 200 ಮಿಲಿ. ಊದುಬತ್ತಿ ಡಬ್ಬಿಯ ಹಾಗೆ ಉದ್ದ, ತೆಳು ಗಾಜು. ಬೇಗ ಖಾಲಿ ಆಗುವುದರಿಂದ ಬಿಯರ್ ಬೆಚ್ಚಗಾಗುವುದೇ ಇಲ್ಲ.

ಬಡಿಸುವವರನ್ನು ‘ಕೋಬೆಸ್’ ಅನ್ನುತ್ತಾರೆ. ನೀಲಿ ಏಪ್ರನ್, ಕೈಯಲ್ಲಿ ಮೇಲೆ ಹಿಡಿಕೆ ಇರುವ ದುಂಡು ತಟ್ಟೆ, ಅದರ ಸುತ್ತ ಗುಂಡಿಗಳಲ್ಲಿ ಗ್ಲಾಸುಗಳು. ನಾನು ಮೊದಲನೆಯದು ಮುಗಿಸಿ ಕೆಳಗಿಟ್ಟೆ. ಕೇಳದೆಯೇ ಎರಡನೆಯದು ಬಂತು. ನನ್ನ ಗ್ಲಾಸಿನ ಕೆಳಗಿನ ರಟ್ಟಿನ ಬಿಲ್ಲೆಯ ಅಂಚಿಗೆ ಪೆನ್ಸಿಲಿನಿಂದ ಒಂದು ಗೆರೆ. ಅದೂ ಮುಗಿಯಿತು. ಮೂರನೆಯದು, ಮತ್ತೊಂದು ಗೆರೆ. ಆಗ ಪಕ್ಕದ ಮೇಜಿನ ಅಜ್ಜಿ ನನ್ನ ಕಡೆ ನೋಡಿ, ತನ್ನ ಬಿಲ್ಲೆ ಎತ್ತಿ ಗ್ಲಾಸಿನ ಬಾಯಿ ಮೇಲೆ ಮುಚ್ಚಿ ತೋರಿಸಿದರು. ಸಾಕು ಅನ್ನುವುದಕ್ಕೆ ಅದು ಗುರುತು. ಮುಚ್ಚದಿದ್ದರೆ ತರುತ್ತಲೇ ಇರುತ್ತಾರೆ. ನಮ್ಮಲ್ಲಿ ಪಂಕ್ತಿಯಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವಲ್ಲ, ಹಾಗೆ. ಮೂರಕ್ಕೆ ಮುಚ್ಚಿದೆ. ‘ಸುಮ್ಮನೆ ಓದುವವಳು’ ಅಕ್ಕಾ, ಆ ಬಿಲ್ಲೆ ಮುಚ್ಚುವಾಗ ನಿಮ್ಮ ಮಾತು ನೆನಪಿಗೆ ಬಂತು. ಸಾಕು ಅನ್ನುವುದಕ್ಕೂ ಅವರಲ್ಲಿ ಒಂದು ಮರ್ಯಾದೆಯ ಪದ್ಧತಿ ಇದೆ. ನನಗೆ ತುಂಬ ಹಿಡಿಸಿದ್ದು ಅದೇ.

ಹೆಂಡತಿಗೆ ಮಗ ‘ಹಾಲ್ವೆ ಹಾನ್’ ಹೇಳಿದ. ಹೆಸರಿಗೆ ಅರ್ಧ ಹುಂಜ. ಅವಳು ಗಾಬರಿಯಾದಳು. ಬಂದದ್ದು ರೈ ಬ್ರೆಡ್, ದಪ್ಪ ಚೀಸು, ಸಾಸಿವೆ, ಈರುಳ್ಳಿ. ಕೋಳಿ ಇಲ್ಲವೇ ಇಲ್ಲ. ಕುಡಿಯಲು ಮದ್ಯ ತೆಗೆದ ಬಿಯರ್. ಜರ್ಮನಿಯಲ್ಲಿ ಅದು ಎಲ್ಲೆಡೆ ಸಿಗುತ್ತದೆ, ಚೆನ್ನಾಗಿಯೂ ಇದೆ. ಅದರಲ್ಲೂ ಶೇಕಡಾ 0.5ರವರೆಗೆ ಇರಬಹುದು ಅಂತ ಮಗ ಮೊದಲೇ ಹೇಳಿದ್ದ. ಅವಳು ಯೋಚಿಸಿ ಒಂದು ಗ್ಲಾಸು ತೆಗೆದುಕೊಂಡಳು. ಮುಂದಿನ ಸಲದಿಂದ ಸೇಬಿನ ರಸ ಸಾಕು ಅಂದಳು.

ಬ್ರಸೆಲ್ಸ್‌ನಲ್ಲಿ ಖಾಲಿ ತಾಮ್ರದ ತಪ್ಪಲೆಯ ಹತ್ತಿರ ನಿಂತು ಮೇಲೆ ನೋಡಿದೆ. ಜೇಡರ ಬಲೆ ಇತ್ತು, ಅಪ್ಪೆಮಿಡಿ ಅವರೇ. ಗೂಝ್‌ನ ಮೊದಲ ಗುಟುಕಿಗೆ ಮುಖ ಕಿವುಚಿದೆ. ಮೂರನೆಯದಕ್ಕೆ ಒಳ್ಳೆಯದು ಅನ್ನಿಸಿತು. ನನಗೆ ಅಪ್ಪೆಹುಳಿಗಿಂತ ಹೆಚ್ಚಾಗಿ ಒಣ ಮುರುಗಲು ಸಿಪ್ಪೆ ಬಾಯಲ್ಲಿಟ್ಟ ಹಾಗೆ ಅನ್ನಿಸಿತು. ಪಿಲ್ಸೆನ್ ನೆಲಮಾಳಿಗೆಯ ಸೋಸದ ಬಿಯರ್ ಇಡೀ ಪ್ರಯಾಣದಲ್ಲೇ ಮೇಲು. ಹೊಸ ಬ್ರೆಡ್ಡಿನ ವಾಸನೆ, ಹಿತವಾದ ಕಹಿ. ಮ್ಯೂನಿಕ್‌ಗೆ ಹೋಗಲಿಲ್ಲ.

ಅಪ್ಪೆಮಿಡಿ

ಮುರುಗಲು! ಹೌದು, ನೀವು ಹೇಳಿದ್ದೇ ಹೆಚ್ಚು ಸರಿ. ಅತ್ತಿಗೆಗೆ ಒಟ್ಟಿನಲ್ಲಿ ಹೇಗನ್ನಿಸಿತು ಅಂತ ನೀವು ಹೇಳಲೇ ಇಲ್ಲ.

ಕಾಳಿ ದಂಡೆ

ಅವಳ ಕತೆ ಬೇರೆ ಇದೆ. ಮಗನ ಮನೆಯ ಮೇಲಿನ ಮಹಡಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆ. ಹೊರಡುವ ಹಿಂದಿನ ದಿನ ಅವರನ್ನು ಊಟಕ್ಕೆ ಕರೆದೆವು. ಟರ್ಕಿಯವರ ಅಂಗಡಿಯಲ್ಲಿ ಬಂಗಡೆ ಸಿಕ್ಕಿತ್ತು, ಖಾರ ಹಚ್ಚಿ ರವೆಯಲ್ಲಿ ಹೊರಳಿಸಿ ಹುರಿದೆವು. ಅವರು ನಾಲ್ಕು ಬಾಟಲಿ ಕೋಲ್ಶ್ ತಂದಿದ್ದರು. ಪ್ರೋಸ್ಟ್ (ಅವರ ಚಿಯರ್ಸ್) ಅನ್ನುವಾಗ ಎದುರಿನವರ ಕಣ್ಣು ನೋಡಬೇಕು ಅಂತ ಅವರೇ ನನಗೆ ಕಲಿಸಿದ್ದು. ಒಂದು ಗ್ಲಾಸು ಮುಗಿಸಿ ಕೇಳಿದರು, ನಿಮ್ಮ ಊರಲ್ಲಿ ಮೀನಿನ ಜೊತೆ ಏನು ಕುಡಿಯುತ್ತೀರಿ ಅಂತ.

ಹೆಂಡತಿ ಊರಿಂದ ಮುರುಗಲು ಸಿಪ್ಪೆ ಕಟ್ಟಿಕೊಂಡು ಬಂದಿದ್ದಳು. ಡಬ್ಬಿಯ ತೆಂಗಿನ ಹಾಲು, ಬೆಳ್ಳುಳ್ಳಿ, ಹಸಿಮೆಣಸು ಹಾಕಿ ಸೋಲ್ ಕಡಿ ಮಾಡಿ ಆ ಉದ್ದ ಕೋಲ್ಶ್ ಗ್ಲಾಸಿನಲ್ಲೇ ಹೊಯ್ದು ಕೊಟ್ಟಳು. ಗುಲಾಬಿ ಬಣ್ಣ ನೋಡಿ ಮೊದಲು ಮೂಸಿದರು. ಆಮೇಲೆ ಒಂದು ಗುಟುಕು. ಆಮೇಲೆ ಪೂರ್ತಿ. ಎರಡನೆಯದೂ ಮುಗಿಯಿತು. ರಟ್ಟಿನ ಬಿಲ್ಲೆ ಕೈಯ ಪಕ್ಕದಲ್ಲೇ ಇತ್ತು, ಅವರು ಅದನ್ನು ಮುಟ್ಟಲಿಲ್ಲ. ಹೆಂಡತಿ ಪೆನ್ಸಿಲು ತೆಗೆದುಕೊಂಡು ಅಂಚಿಗೆ ಎರಡು ಗೆರೆ ಎಳೆದು ಮೂರನೇ ಗ್ಲಾಸು ತರಲು ಒಳಗೆ ಹೋದಳು.